ಬಟ್ಟೆಯ ಹಿಂಬದಿ ಓದುವ ಗಂಟಕ್ಕ

ಬೆಳಗಿನ ಆರೂಕಾಲು. ನೂರಾರು ಮಳಿಗೆಗಳ ಸಮ್ಮೇಳನ ಸಭಾಂಗಣದಲ್ಲಿ ದೊಡ್ಡ ದೀಪಗಳು ಇನ್ನೂ ಹೊತ್ತಿಲ್ಲ. ನೆಲ ಒರೆಸುವವರ ಬಕೆಟ್ಟಿನ ಸದ್ದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಸಾಗುತ್ತಿದೆ. ಹಿಂಬಾಗಿಲ ಪಕ್ಕದಲ್ಲಿ, ಸಾಮಾನು ಸಾಗಿಸುವ ಲಿಫ್ಟಿನ ಎದುರು, ಒಂದು ಮಡಚುವ ಮೇಜು. ಅದರ ಮೇಲೆ ಹನ್ನೊಂದು ಕಿಲೋ ತೂಕದ ಹಳೆಯ ಕಸೂತಿ ಯಂತ್ರ. ಅದರ ಮುಂದೆ ನಿಂತ ಐವತ್ತಮೂರು ವರ್ಷದ ಹೆಂಗಸು ಕನ್ನಡಕವನ್ನು ಹಣೆಗೇರಿಸಿಕೊಂಡು ಸೂಜಿಯ ಕಣ್ಣಿಗೆ ನೀಲಿ ದಾರ ಪೋಣಿಸುತ್ತಿದ್ದಾರೆ. ತುಟಿ ಮೆಲ್ಲಗೆ ಅಲುಗುತ್ತಿದೆ. ಏನೆಂದು ಕೇಳುವಂಥದ್ದಲ್ಲ; ಕೆಲಸಕ್ಕೆ ಕೈ ಹಚ್ಚುವ ಮೊದಲು ಮನುಷ್ಯರು ತಮ್ಮ ದೇವರೊಡನೆ ಆಡಿಕೊಳ್ಳುವ ಎರಡು ಮಾತು ಅದು.

ಗುಂಡಿ ಒತ್ತುತ್ತಾರೆ. ಯಂತ್ರ ಗುನುಗತೊಡಗುತ್ತದೆ. ಬಿಳಿ ಬಟ್ಟೆಯ ಮೇಲೆ ಬಳೆಯಷ್ಟು ಅಗಲದ ವೃತ್ತವೊಂದು ಮೂಡುತ್ತದೆ. ಅರ್ಧ ದಾರಿಯಲ್ಲಿ ಯಂತ್ರ ತಾನೇ ದಾರ ಕತ್ತರಿಸಿಕೊಂಡು, ಒಂದು ಕ್ಷಣ ಉಸಿರು ಹಿಡಿದು, ಮತ್ತೆ ಹೊರಟು, ಶುರುವಾದಲ್ಲಿಗೇ ಬಂದು ಮುಟ್ಟುತ್ತದೆ. ಅವರು ಬಟ್ಟೆಯನ್ನು ಕೈಗೆತ್ತಿಕೊಂಡು ಮುಂಬದಿಯನ್ನು ನೋಡುವುದೇ ಇಲ್ಲ. ತಿರುಗಿಸಿ ಹಿಂಬದಿಯ ಮೇಲೆ ಹೆಬ್ಬೆರಳು ಆಡಿಸುತ್ತಾರೆ.

“ಕೂಡಿದೆ” ಎನ್ನುತ್ತಾರೆ, ವರದಿ ಬರೆಯಲು ಬಂದ ನನ್ನ ಕಡೆ ತಿರುಗಿ. ಪೆನ್ಸಿಲಿನಲ್ಲಿ ಪಕ್ಕಕ್ಕೆ ಸಮಯ ಬರೆಯುತ್ತಾರೆ. “ಇನ್ನೂ ತಣ್ಣಗಿದೆ ನೋಡಿ. ಈಗ ಇದು ಹೇಳಿದ ಮಾತು ಕೇಳೋ ಕೂಸು. ಮಧ್ಯಾಹ್ನ ಬನ್ನಿ, ಇದರ ಅಸಲಿ ಬಣ್ಣ ತೋರಿಸ್ತೀನಿ.”

ಇವರು ವೃತ್ತಿಯಿಂದ ದರ್ಜಿ. ಆದರೆ ಈ ಮೇಜಿಗೆ ಬಂದಿರುವುದು ಒಂದು ಮುಕ್ತ ತಂತ್ರಾಂಶ ಸಮುದಾಯದ ಪ್ರತಿನಿಧಿಯಾಗಿ. ಚಿತ್ರವನ್ನು ಹೊಲಿಗೆಯಾಗಿ ಬದಲಾಯಿಸಿ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದುಕೊಡುವ ತಂತ್ರಾಂಶ ಅದು. ಅದಕ್ಕೆ ಒಡೆಯರಿಲ್ಲ. ಹತ್ತಾರು ದೇಶಗಳ ಮುನ್ನೂರ ಹನ್ನೊಂದು ಜನ ತಮ್ಮ ಬಿಡುವಿನಲ್ಲಿ ಅದನ್ನು ಬರೆಯುತ್ತಾರೆ, ತಿದ್ದುತ್ತಾರೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಒಂದೊಂದು ಕಂಪನಿಯ ಯಂತ್ರ ಒಂದೊಂದು ಭಾಷೆ ಆಡುವ ಈ ಲೋಕದಲ್ಲಿ ಎಲ್ಲವುಗಳ ಜೊತೆಗೂ ಮಾತಾಡಬಲ್ಲದ್ದು ಇದೊಂದೇ. ಸಮುದಾಯದವರು ಇವರನ್ನು ಕರೆಯುವುದು ‘ಗಂಟಕ್ಕ’ ಎಂದು. ದಾರದ ಗಂಟು ಎಲ್ಲಿದ್ದರೂ ಹುಡುಕಿ ತೆಗೆಯುವ ಅಕ್ಕ. ಒಂಬತ್ತು ವರ್ಷಗಳಲ್ಲಿ ಇದು ಅವರ ಇಪ್ಪತ್ತಾರನೆಯ ಸಮ್ಮೇಳನ.

ಇಷ್ಟೂ ಸಲದಲ್ಲಿ ಇವತ್ತಿನಷ್ಟು ಭಾರದ ದಿನ ಇನ್ನೊಂದಿಲ್ಲ. ಮಧ್ಯಾಹ್ನ ಮೂರಕ್ಕೆ ಇದೇ ಸಭಾಂಗಣದ ವೇದಿಕೆಯಲ್ಲಿ ಯಂತ್ರ ತಯಾರಕರ ಸಂಘ ಒಂದು ನಿಯಮವನ್ನು ಮತಕ್ಕೆ ಹಾಕಲಿದೆ. ಅದು ಪಾಸಾದರೆ, ಕಸೂತಿ ಯಂತ್ರಗಳು ಇನ್ನು ಮುಂದೆ ಕಂಪನಿಯದೇ ತಂತ್ರಾಂಶದ ಮುದ್ರೆ ಬಿದ್ದ ವಿನ್ಯಾಸಗಳನ್ನು ಮಾತ್ರ ಹೊಲಿಯುತ್ತವೆ. ಹೊರಗಿನದ್ದಕ್ಕೆ ಬೀಗ. ಮನೆಯ ಮುಂಗೋಣೆಯಲ್ಲಿ ಒಂದು ಯಂತ್ರ ಇಟ್ಟುಕೊಂಡು ಬದುಕುವ ಸಾವಿರಾರು ದರ್ಜಿಗಳಿಗೆ ಈ ತಂತ್ರಾಂಶ ಬಿಟ್ಟರೆ ಗತಿಯಿಲ್ಲ. ಬೀಗ ಬಿದ್ದರೆ ಸಮುದಾಯದ ಹನ್ನೆರಡು ವರ್ಷದ ದುಡಿಮೆಗೂ ಬೀಗ.

ಬೀಗ ಬೇಕೆಂದು ವಾದಿಸುತ್ತಿರುವ ದೊಡ್ಡ ಕಂಪನಿ ಸಾಕ್ಷಿಯಾಗಿ ಮುಂದಿಟ್ಟಿರುವುದು ಗಂಟಕ್ಕನೇ ಹೊಲಿದ ಒಂದು ಬಟ್ಟೆಯ ಚಿತ್ರವನ್ನು.

*

ಅದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಹನ್ನೊಂದು ವರ್ಷದ ಹಿಂದೆ ಗಂಟಕ್ಕನ ಯಂತ್ರದ ಜೊತೆ ಬಂದಿದ್ದ ತಂತ್ರಾಂಶವನ್ನು ಕಂಪನಿ ನಿಲ್ಲಿಸಿಬಿಟ್ಟಿತು. ಕಂಪ್ಯೂಟರು ಬದಲಾಯಿತು, ಯಂತ್ರ ಮೂಕವಾಯಿತು. ಆಸ್ಪತ್ರೆಯೊಂದರ ನರ್ಸುಗಳ ಅರವತ್ತು ಜೇಬುಗಳ ಮೇಲೆ ಗುರುತು ಹೊಲಿದುಕೊಡುವ ಕೆಲಸ ಕೈಯಲ್ಲಿತ್ತು. “ಮೆಷಿನ್ ಮೇಲೆ ಬಟ್ಟೆ ಒಣಗಿಸೋದೊಂದು ಬಾಕಿ ಇತ್ತು” ಎಂದು ಈಗ ನಗುತ್ತಾರೆ. ಅವರ ಬೀದಿಯ ಕಂಪ್ಯೂಟರ್ ರಿಪೇರಿಯವನು ಎಲ್ಲೋ ಹುಡುಕಿ ಈ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟ. ಯಂತ್ರ ಮಾತಾಡಿತು. ಆದರೆ ಹೊಲಿಗೆಯಲ್ಲಿ ದಾರ ಗೂಡು ಕಟ್ಟಿಕೊಳ್ಳುತ್ತಿತ್ತು.

ದೂರು ಬರೆಯಬಹುದು ಎಂದ ರಿಪೇರಿಯವನು. ಹೇಗೆ ಬರೆಯಬೇಕೆಂದು ಅಕ್ಕನಿಗೆ ಗೊತ್ತಿಲ್ಲ. ಕೆಟ್ಟ ಹೊಲಿಗೆಯ ಮುಂಬದಿಯ ಒಂದು ಫೋಟೊ, ಹಿಂಬದಿಯ ಒಂದು ಫೋಟೊ ತೆಗೆದು ಕಳಿಸಿಬಿಟ್ಟರು. “ಕೆಲಸ ಮಾಡುತ್ತಿಲ್ಲ, ಬೇಗ ಸರಿಮಾಡಿ” ಎಂಬ ಒಂದು ಸಾಲಿನ ದೂರುಗಳಿಗೇ ಒಗ್ಗಿಹೋಗಿದ್ದ ಆ ತಂತ್ರಾಂಶ ಬರೆಯುವವರು ಬಟ್ಟೆಯ ಹಿಂಬದಿಯನ್ನು ಕಂಡದ್ದು ಅದೇ ಮೊದಲು. ಯಾವ ಹೊಲಿಗೆಯ ನಂತರ ದಾರ ಸಡಿಲವಾಯಿತು, ಎಲ್ಲಿ ಎರಡು ಸಲ ಚುಚ್ಚಿತು, ಎಲ್ಲವೂ ಅಲ್ಲಿ ಬರೆದಿಟ್ಟಂತಿತ್ತು. ಎರಡೇ ದಿನದಲ್ಲಿ ದೋಷ ಸಿಕ್ಕಿತು. ಅಂದಿನಿಂದ ಸಮುದಾಯದಲ್ಲಿ ಅದೇ ನಿಯಮ: ಯಾರೇ ದೂರು ಕೊಡಲಿ, ಎರಡೂ ಬದಿಯ ಫೋಟೊ ಕಡ್ಡಾಯ.

ಹಿಂಬದಿ ನೋಡುವ ಪಾಠ ಅಕ್ಕನಿಗೆ ಆದದ್ದು ಅತ್ತೆಯಿಂದ. ಎಪ್ಪತ್ತೊಂಬತ್ತರ ಆ ಹಿರಿಯಾಕೆ ಕೈಕಸೂತಿಯಲ್ಲಿ ಬೆರಳು ಸವೆಸಿದವರು. ಈಗ ಕಣ್ಣು ಮಂಜು. “ಮದುವೆಯಾಗಿ ಬಂದ ಹೊಸದರಲ್ಲಿ ನಾನು ಹೊಲಿದಿದ್ದನ್ನ ಅತ್ತೆ ಉಲ್ಟಾ ಮಾಡಿ ನೋಡೋರು. ‘ಮುಂದೆ ಎಲ್ಲರೂ ಚೆಂದಾನೇ ಕಾಣ್ತಾರೆ ಕಣೇ’ ಅನ್ನೋರು. ನನಗೋ ಉರಿದು ಹೋಗೋದು” ಎನ್ನುತ್ತಾರೆ ಗಂಟಕ್ಕ.

ಸಮ್ಮೇಳನಗಳಿಗೆ ಮೊದಲು ಹೋಗುತ್ತಿದ್ದದ್ದು ತಂತ್ರಾಂಶ ಬರೆಯುವವರಲ್ಲೇ ಒಬ್ಬ. ಎರಡು ದಿನ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಸ್ವಾತಂತ್ರ್ಯ, ಪರವಾನಗಿ, ಹಂಚಿಕೆ ಎಂದು ಗಂಟಲು ಹರಿದುಕೊಂಡರೂ ಮೇಜಿನ ಮುಂದೆ ಯಾರೂ ನಿಲ್ಲಲಿಲ್ಲ. ಮರುವರ್ಷ ಅವನು ಅಕ್ಕನಿಗೆ ಫೋನು ಮಾಡಿದ. “ನನಗೆ ಕೋಡು ಗೀಡು ಬರಲ್ಲಪ್ಪ ಅಂದೆ. ‘ನಮ್ಮಲ್ಲಿ ಯಾರಿಗೂ ಗುಂಡಿ ಹಾಕೋಕೂ ಬರಲ್ಲ ಅಕ್ಕಾ, ನೀವೇ ಬರಬೇಕು’ ಅಂದ. ಪಾಪ ಅನ್ನಿಸ್ತು.”

ಮೊದಲ ಸಮ್ಮೇಳನದಲ್ಲಿ ಅಕ್ಕ ಮಾಡಿದ ಎಡವಟ್ಟನ್ನು ಸಮುದಾಯದವರು ಇಂದಿಗೂ ಹೇಳಿಕೊಂಡು ನಗುತ್ತಾರೆ. ಕಾರ್ಖಾನೆಯವರೊಬ್ಬರು ಬಂದು, “ಹೇಗಿದೆ ನಿಮ್ಮ ತಂತ್ರಾಂಶ?” ಎಂದು ಕೇಳಿದರು. ಅಕ್ಕ ಚೀಲದಿಂದ ಒಂದು ಸುರುಳಿ ತೆಗೆದು ಮೇಜಿನ ಮೇಲೆ ಬಿಚ್ಚತೊಡಗಿದರು. ಅಲ್ಲಿಯವರೆಗೆ ಕಂಡ ಪ್ರತಿಯೊಂದು ದೋಷವನ್ನೂ ಹೊಲಿದು, ಸಂಖ್ಯೆ ಹಾಕಿ ಜೋಡಿಸಿದ ಹತ್ತೊಂಬತ್ತು ಮೀಟರು ಬಟ್ಟೆ. ಸುರುಳಿ ಮೇಜು ದಾಟಿ ನೆಲಕ್ಕಿಳಿದು ದಾರಿಗೆ ಅಡ್ಡ ಬರುವ ಹೊತ್ತಿಗೆ ಕಾರ್ಖಾನೆಯವರು ನಾಪತ್ತೆ.

ಒಳ್ಳೆಯದನ್ನು ಮಾತ್ರ ತೋರಿಸಿ ಎಂದು ಸಮುದಾಯದ ಹುಡುಗರು ದುಂಬಾಲು ಬಿದ್ದರು. ಅಕ್ಕ ಒಪ್ಪಿದ್ದು ಅರ್ಧಕ್ಕೆ: ದೋಷ ಇದ್ದಲ್ಲೇ ಇರಲಿ, ತಿದ್ದಿದ ಮೇಲೆ ಪಕ್ಕದಲ್ಲೇ ಸರಿಯಾದದ್ದನ್ನೂ ಹೊಲಿಯುತ್ತೇನೆ ಎಂದರು. ಆ ಸುರುಳಿ ಈಗ ನಲವತ್ತೆರಡು ಮೀಟರು. ಇನ್ನೂರ ನಲವತ್ತು ದೋಷ, ಇನ್ನೂರ ಮೂವತ್ತೊಂದು ಪರಿಹಾರ. ದರ್ಜಿಗಳು ಬಂದು ಅದರಲ್ಲಿ ತಮ್ಮ ಕಾಯಿಲೆಯನ್ನು ಹುಡುಕುತ್ತಾರೆ. “ಅಯ್ಯೋ, ಇದೇ ರೀ ನಂದೂ!” ಎಂದು ಯಾರಾದರೂ ಕೂಗಿದರೆ ಅಕ್ಕನ ಮುಖ ಅರಳುತ್ತದೆ.

*

ಇನ್ನೂರ ಹದಿನಾಲ್ಕನೆಯ ದೋಷವೇ ಈ ವೃತ್ತ. ದಾರ ಕತ್ತರಿಸಿ ಮತ್ತೆ ಹೊರಟ ಮೇಲೆ ಕೊನೆಯ ಹೊಲಿಗೆ ಮೊದಲ ಹೊಲಿಗೆಯನ್ನು ಮುಟ್ಟುವುದಿಲ್ಲ; ಒಂದು ಸಾಸಿವೆ ಕಾಳಿನಷ್ಟು ಸಂದು. ಎರಡು ವರ್ಷ ಮೂರು ತಂಡ ಹುಡುಕಿದರೂ ಕಾರಣ ಸಿಗಲಿಲ್ಲ. ಅಕ್ಕ ಅದರ ಕೆಳಗೆ ಕೆಂಪು ದಾರದಲ್ಲಿ ‘ನಮ್ಮ ತಪ್ಪು, ಇನ್ನೂ ಸಿಕ್ಕಿಲ್ಲ’ ಎಂದು ಹೊಲಿದಿಟ್ಟರು. ಕಳೆದ ವರ್ಷ ದೊಡ್ಡ ಕಂಪನಿಯ ಮುಖ್ಯ ಎಂಜಿನಿಯರ್ ಮೇಜಿಗೆ ಬಂದು, ವಿನಯದಿಂದ ಅನುಮತಿ ಕೇಳಿ, ಅದರ ಚಿತ್ರ ತೆಗೆದುಕೊಂಡು ಹೋದರು. ಆರು ತಿಂಗಳ ನಂತರ ಬೀಗದ ಪ್ರಸ್ತಾಪದ ಮೊದಲ ಪುಟದಲ್ಲೇ ಆ ಚಿತ್ರ: ಹೊರಗಿನ ತಂತ್ರಾಂಶ ಹೊಲಿಗೆ ಕೆಡಿಸುತ್ತದೆ, ಅವರೇ ಒಪ್ಪಿಕೊಂಡಿದ್ದಾರೆ, ನೋಡಿ.

ಸಮುದಾಯದಲ್ಲಿ ಬೆಂಕಿ ಬಿತ್ತು. ಅಕ್ಕನನ್ನು ಮೇಜಿಗೆ ಕರೆತಂದವನೇ ಎಲ್ಲರೂ ಓದುವಂತೆ ಬರೆದ: “ಅಕ್ಕ ಅದನ್ನು ಮುಚ್ಚಿಡಬೇಕಿತ್ತು.” ಬೇರೆಯವರು ಅವನ ಮೇಲೆ ಹರಿಹಾಯ್ದರು. ಅಕ್ಕ ಈಗ ಹೇಳುತ್ತಾರೆ: “ಬೇಜಾರಾಗಿತ್ತು, ಸುಳ್ಳು ಯಾಕೆ ಹೇಳಲಿ? ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ಆದರೆ ಮುಚ್ಚಿಟ್ಟಿದ್ರೆ ಏನಾಗ್ತಿತ್ತು? ಮುಚ್ಚಿಟ್ಟ ಕಡೇನೇ ಕೊಳೀತಿತ್ತು.”

ಮೂರನೆಯ ದಿನ ಅಕ್ಕ ಅಂಗಡಿಯನ್ನು ನಾದಿನಿಗೆ ಒಪ್ಪಿಸಿ ಯಂತ್ರದ ಮುಂದೆ ಕೂತರು. ದಿನವಿಡೀ ಬರೀ ವೃತ್ತ. ಬೆಳಗ್ಗೆ ಹೊಲಿದದ್ದು, ಸಂಜೆ ಹೊಲಿದದ್ದು ಎಲ್ಲ ಹೊಲಿದ ಹಾಗೆ ಒಂದರ ಮೇಲೊಂದು ಅತ್ತೆಯ ಮಡಿಲಲ್ಲಿ ಗುಡ್ಡೆ ಬಿತ್ತು. ಹಿರಿಯಾಕೆ ಹೊತ್ತು ಹೋಗದೆ ಒಂದೊಂದನ್ನೇ ಬೆರಳಲ್ಲಿ ಸವರುತ್ತ ಎರಡು ಗುಂಪು ಮಾಡುತ್ತಿದ್ದರು.

“ಏನೇ ಇದು, ಬೆಳಗ್ಗೇದೆಲ್ಲ ಬಾಯಿ ಮುಚ್ಚಿವೆ, ಮಧ್ಯಾಹ್ನದ ಮೇಲಿನವು ಬಾಯಿ ಬಿಟ್ಕೊಂಡಿವೆ” ಎಂದರು ಅತ್ತೆ.

“ಎಲ್ಲ ಒಂದೇ ಡಿಸೈನು ಅತ್ತೆ, ಹೇಗೆ ಬೇರೆ ಆಗುತ್ತೆ?”

“ನನ್ನನ್ನೇನು ಕೇಳ್ತೀಯೇ? ನಿನ್ನ ಮೆಷಿನ್ನಿಗೂ ನನ್ನ ಹಾಗೆ ಹೊತ್ತೇರಿದ ಮೇಲೆ ಮಂಡಿ ಹಿಡಿಯುತ್ತೋ ಏನೋ!”

ಅಕ್ಕ ಎದ್ದು ನಿಂತದ್ದು ಆಗಲೇ. ದೋಷ ವಿನ್ಯಾಸದಲ್ಲಿದ್ದರೆ ಬೆಳಗ್ಗೆಯೂ ಬರಬೇಕು. ಮಧ್ಯಾಹ್ನ ಮಾತ್ರ ಬಂದರೆ ಅದು ಕಾದ ಯಂತ್ರದ್ದು. ಮುಂದಿನ ಮೂವತ್ತೊಂದು ದಿನ ಗಂಟೆಗೊಂದರಂತೆ ಹೊಲಿದರು. ಅಕ್ಕನ ಯಂತ್ರವೂ ಅದೇ ದೊಡ್ಡ ಕಂಪನಿಯದು. ಅದರೊಳಗೆ ಕಂಪನಿಯೇ ತುಂಬಿಕೊಟ್ಟಿದ್ದ ವಿನ್ಯಾಸಗಳಲ್ಲೂ ಒಂದು ವೃತ್ತವಿತ್ತು. ಅದನ್ನೂ ಹೊಲಿದರು. ಅದೇ ಸಂದು, ಅದೇ ಹೊತ್ತಿಗೆ.

ಸಮುದಾಯ ಕುಣಿದಾಡಿತು. ಕೂಡಲೇ ಪತ್ರ ಬರೆಯೋಣ ಎಂದರು. ಅಕ್ಕ ಬೇಡ ಎಂದರು. “ನಂದು ಹಳೇ ಮೆಷಿನ್ನು. ಹಳತು, ಸವೆದಿದೆ ಅಂದು ಕೈ ತೊಳ್ಕೋತಾರೆ. ಅವರ ಹೊಸ ಮೆಷಿನ್ನಲ್ಲಿ, ಅವರದೇ ಡಿಸೈನಲ್ಲಿ, ಅವರ ಕಣ್ಣ ಮುಂದೆ ಹೊಲಿಬೇಕು.” ಹೊಸ ಯಂತ್ರದಲ್ಲಿ ಆ ದೋಷ ಇಲ್ಲದಿದ್ದರೆ? ಆ ಯಂತ್ರವನ್ನು ಅಕ್ಕ ಮುಟ್ಟಿಯೂ ಇರಲಿಲ್ಲ. “ಇಲ್ಲದಿದ್ರೆ ಇಲ್ಲ. ಅಲ್ಲೇ ಒಪ್ಕೊಂಡು ಇಳಿದು ಬರ್ತೀನಿ. ಇನ್ನೇನು ಮಾಡೋದು, ಹೇಳಿ?”

*

ಒಂಬತ್ತಕ್ಕೆ ಬಾಗಿಲು ತೆರೆಯುತ್ತದೆ. ದಿನಕ್ಕೆ ಸರಾಸರಿ ಇನ್ನೂರು ಜನ ಈ ಮೇಜಿಗೆ ಬರುತ್ತಾರೆ. ಅಕ್ಕ ಒಂಬತ್ತು ತಾಸು ನಿಂತೇ ಇರುತ್ತಾರೆ. ನಡುನಡುವೆ ಗಂಟೆಗೊಂದು ವೃತ್ತ. ಹತ್ತರದ್ದು ಕೂಡಿದೆ. ಹನ್ನೊಂದರದ್ದೂ ಕೂಡಿದೆ. ಹನ್ನೆರಡರದ್ದನ್ನು ಸವರಿ ಅಕ್ಕ ಇನ್ನೊಮ್ಮೆ ಸವರುತ್ತಾರೆ. ಒಂದರದ್ದನ್ನು ನನ್ನ ಕೈಗೇ ಕೊಡುತ್ತಾರೆ. ಬೆರಳಿಗೆ ತಾಗುತ್ತದೆ, ಸಣ್ಣ ಸಂದು.

“ಹಾಂ, ಬಂತು ಸವಾರಿ” ಎಂದು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ.

ಮೂರಕ್ಕೆ ವೇದಿಕೆ ತುಂಬಿದೆ. ಇಪ್ಪತ್ತಾರು ಕಂಪನಿಗಳ ಪ್ರತಿನಿಧಿಗಳು ಸಾಲಾಗಿ ಕೂತಿದ್ದಾರೆ. ಮುಖ್ಯ ಎಂಜಿನಿಯರ್ ಪ್ರಸ್ತಾಪ ಮಂಡಿಸುತ್ತಾರೆ. ಹಿಂದಿನ ಪರದೆಯ ಮೇಲೆ ಆಳೆತ್ತರಕ್ಕೆ ಬೆಳೆದು ನಿಂತಿದೆ ಅಕ್ಕನ ಬಟ್ಟೆ, ಕೆಂಪಕ್ಷರದ ಆ ತಪ್ಪೊಪ್ಪಿಗೆಯ ಸಮೇತ. ಸಭೆಯಲ್ಲಿ ಯಾರೋ ಕಿಸಕ್ಕೆಂದು ನಗುತ್ತಾರೆ. ಸಂಘದ ಅಧ್ಯಕ್ಷೆ ಗಡಿಯಾರ ನೋಡಿ, “ಮುಕ್ತ ತಂತ್ರಾಂಶದವರಿಗೆ ಐದು ನಿಮಿಷ” ಎನ್ನುತ್ತಾರೆ.

ಗಂಟಕ್ಕ ಮೈಕು ಹಿಡಿದು ಒಂದೇ ಮಾತು ಕೇಳುತ್ತಾರೆ: “ನನಗೆ ಭಾಷಣ ಬರಲ್ಲ ಅಮ್ಮಾ. ನಿಮ್ಮ ಮೆಷಿನ್ನಲ್ಲಿ ಒಂದು ಬಳೆ ಹೊಲಿದು ತೋರಿಸಲಾ?”

ವೇದಿಕೆಯ ಮೇಲೆ ಹೊಚ್ಚ ಹೊಸ ಯಂತ್ರವಿದೆ. ಎಂಜಿನಿಯರ್ ಕೈ ತೋರಿಸುತ್ತಾರೆ. ಅಕ್ಕ ತಲೆಯಾಡಿಸುತ್ತಾರೆ. “ಇದಲ್ಲ ಸರ್, ಇದಿನ್ನೂ ನಿದ್ದೆಯಿಂದ ಎದ್ದಿಲ್ಲ. ನಿಮ್ಮ ಸ್ಟಾಲಲ್ಲಿ ಒಂಬತ್ತು ಗಂಟೆಯಿಂದ ಬಂದವರ ಹೆಸರು ಹೊಲೀತಾ ಇದೆಯಲ್ಲ, ಅದನ್ನ ತರಿಸಿ.”

ಕಂಪನಿಯ ಮಾರಾಟದವರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಅದು ಪ್ರದರ್ಶನದ್ದು, ಅದನ್ನು ಕದಲಿಸಲಾಗದು, ಅಂಥ ಪದ್ಧತಿಯೇ ಇಲ್ಲ. ಎಂಜಿನಿಯರ್ ಒಂದು ಗಳಿಗೆ ಅಕ್ಕನ ಮುಖವನ್ನೇ ನೋಡುತ್ತಾರೆ. ಆಮೇಲೆ ತಮ್ಮವರ ಕಡೆ ತಿರುಗಿ, “ತನ್ನಿ” ಎನ್ನುತ್ತಾರೆ.

ಕಂಪನಿಯ ಯಂತ್ರ, ಕಂಪನಿಯ ವಿನ್ಯಾಸ, ಕಂಪನಿಯದೇ ದಾರ. ಅಕ್ಕ ಬರೀ ಗುಂಡಿ ಒತ್ತುತ್ತಾರೆ. ಎರಡು ನಿಮಿಷ ಯಂತ್ರ ಗುನುಗುತ್ತದೆ. ಹೊಲಿಗೆ ಮುಗಿಯುತ್ತದೆ. ಅಕ್ಕ ಈ ಸಲ ತಾವು ಮುಟ್ಟುವುದಿಲ್ಲ. ಬಟ್ಟೆಯನ್ನು ತಿರುಗಿಸಿ ಎಂಜಿನಿಯರ್ ಮುಂದೆ ಹಿಡಿಯುತ್ತಾರೆ. “ನೀವೇ ಬೆರಳಿಟ್ಟು ನೋಡಿ, ಸರ್.”

ಅವರು ಹೆಬ್ಬೆರಳು ಇಡುತ್ತಾರೆ. ತೆಗೆಯುತ್ತಾರೆ. ಮತ್ತೆ ಇಡುತ್ತಾರೆ. ಅದೇ ವಿನ್ಯಾಸವನ್ನು ವೇದಿಕೆಯ ತಣ್ಣನೆಯ ಯಂತ್ರದಲ್ಲಿ ತಾವೇ ಹೊಲಿಸುತ್ತಾರೆ. ಕೂಡಿದೆ. ಮತ್ತೊಮ್ಮೆ ಕಾದ ಯಂತ್ರದಲ್ಲಿ. ಸಂದು. ಐದು ನಿಮಿಷ ಹದಿನೈದಾದರೂ ಅಧ್ಯಕ್ಷೆ ಗಡಿಯಾರ ನೋಡುವುದಿಲ್ಲ.

ಕೊನೆಗೆ ಎಂಜಿನಿಯರ್ ಮೈಕಿನ ಹತ್ತಿರ ಬರುತ್ತಾರೆ. “ಇದು ನಮ್ಮದು” ಎನ್ನುತ್ತಾರೆ. “ದಾರ ಕತ್ತರಿಸುವ ಭಾಗ ಬಿಸಿಯಾದಾಗ ಚೌಕಟ್ಟನ್ನು ಕೂದಲೆಳೆಯಷ್ಟು ಎಳೆಯುತ್ತಿದೆ. ನಾವು ಪರೀಕ್ಷೆ ಮಾಡುವುದು ಹತ್ತು ನಿಮಿಷ. ದರ್ಜಿಗಳು ಹೊಲಿಯುವುದು ದಿನವಿಡೀ. ನಮ್ಮ ತಪ್ಪನ್ನು ಈ ಅಮ್ಮ ಇಷ್ಟು ವರ್ಷ ತಮ್ಮದು ಅಂತ ಹೊತ್ತುಕೊಂಡಿದ್ದಾರೆ. ಪ್ರಸ್ತಾಪ ವಾಪಸ್ ತೆಗೆದುಕೊಳ್ಳುತ್ತೇನೆ.”

ಮೊದಲ ಚಪ್ಪಾಳೆ ಬಂದದ್ದು ಹಿಂದಿನ ಸಾಲಿನಿಂದ. ದಾರ ಮಾರುವವರು, ದರ್ಜಿಗಳು, ಬಟ್ಟೆ ಕತ್ತರಿಸುವವರು ನಿಂತಿದ್ದ ಕಡೆಯಿಂದ. ಆಮೇಲೆ ಇಡೀ ಸಭಾಂಗಣ ಎದ್ದು ನಿಂತಿತು. ಚಪ್ಪಾಳೆಯ ಸದ್ದಿಗೆ ದೂರದ ಮಳಿಗೆಗಳವರೂ ಓಡಿಬಂದು ವೇದಿಕೆಯ ಸುತ್ತ ಗುಂಪುಗಟ್ಟಿದರು. ಅಧ್ಯಕ್ಷೆ ಅಲ್ಲಿಗೇ ಬಿಡಲಿಲ್ಲ. ಬೀಗ ಬೇಡವೆಂದ ಮೇಲೆ ಬಾಗಿಲು ತೆರೆದೇ ಇರಲಿ ಎಂದು ಹೊಸ ಸೂಚನೆ ಮುಂದಿಟ್ಟರು: ಎಲ್ಲ ಕಂಪನಿಗಳೂ ತಮ್ಮ ಯಂತ್ರದ ಭಾಷೆಯನ್ನು ಬರೆದು ಪ್ರಕಟಿಸಬೇಕು. ಇಪ್ಪತ್ತಾರರಲ್ಲಿ ಇಪ್ಪತ್ತೆರಡು ಕೈ ಮೇಲೆದ್ದವು. ಅದರಲ್ಲೊಂದು ದೊಡ್ಡ ಕಂಪನಿಯದು.

ಕೆಳಗಿಳಿದ ಮೇಲೆ ಎಂಜಿನಿಯರ್ ಹುಡುಕಿಕೊಂಡು ಬರುತ್ತಾರೆ. “ನಿಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದೀರಿ?”

“ಮುನ್ನೂರ ಹನ್ನೊಂದು. ನೀವು ಬಂದ್ರೆ ಹನ್ನೆರಡು. ಆದರೆ ಮೊದಲೇ ಹೇಳಿಬಿಡ್ತೀನಿ, ಎಂಜಿನಿಯರಾದ್ರೂ ಸರಿ, ದೂರು ಕೊಡುವಾಗ ಎರಡೂ ಬದಿ ಫೋಟೊ ಹಾಕಲೇಬೇಕು.”

ಅವರು ಗಟ್ಟಿಯಾಗಿ ನಗುತ್ತಾರೆ. ಅಕ್ಕನ ಫೋನು ರಿಂಗಾಗುತ್ತದೆ. ಆ ಕಡೆ, ಮುಚ್ಚಿಡಬೇಕಿತ್ತು ಎಂದು ಬರೆದವನು. ದನಿ ಒದ್ದೆಯಾಗಿದೆ. “ಅಕ್ಕಾ, ನಾನು ಹಾಗೆ ಬರೀಬಾರದಿತ್ತು.”

“ಬರೆದೆ. ಈಗೇನು, ಅಳ್ತಾ ಕೂರ್ತೀಯಾ? ಕಣ್ಣೊರೆಸ್ಕೋ. ಇಪ್ಪತ್ತೆರಡು ಕಂಪನಿಯವರು ಕಾಗದ ಕಳಿಸ್ತಾರಂತೆ, ಅದನ್ನೆಲ್ಲ ಓದೋರು ಯಾರು, ನಾನಾ? ಊಟ ಮಾಡಿ ಕೆಲಸ ಶುರು ಮಾಡು.”

ಹಿಂಬಾಗಿಲ ಪಕ್ಕದ ಮೇಜಿನ ಮುಂದೆ ಈಗ ಸಾಲು ಲಿಫ್ಟು ದಾಟಿ ಹೋಗಿದೆ. ಸಂಜೆಯೊಳಗೆ ಒಂಬತ್ತು ಹೊಸ ದೂರು. ಒಬ್ಬಾಕೆಯ ಎಲೆಯ ವಿನ್ಯಾಸದಲ್ಲಿ ಬಟ್ಟೆ ಸುಕ್ಕಾಗುತ್ತಿದೆಯಂತೆ. ಅಕ್ಕ ಕನ್ನಡಕ ಇಳಿಸಿಕೊಂಡು ಅದರಲ್ಲೇ ಮುಳುಗಿದ್ದಾರೆ. ಅಧ್ಯಕ್ಷೆ ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಾರೆ.

“ಮುಂದಿನ ವರ್ಷ ನಿಮಗೆ ಮುಂಬಾಗಿಲಲ್ಲೇ ದೊಡ್ಡ ಮಳಿಗೆ. ನಮ್ಮ ಸಂಘದ ಕಡೆಯಿಂದ.”

“ಅಯ್ಯೋ ಬೇಡಿ ಅಮ್ಮಾ” ಎನ್ನುತ್ತಾರೆ ಗಂಟಕ್ಕ. “ಮುಂದೆ ಬಂದ್ರೆ ಜನ ನೋಡ್ಕೊಂಡು ಹೋಗ್ತಾರೆ, ನಿಂತು ಕಷ್ಟ ಹೇಳಲ್ಲ. ಇಲ್ಲೇ ಚೆನ್ನಾಗಿದೆ.”

“ಏನಾದರೂ ಕೇಳಿ ಮತ್ತೆ. ಬರಿಗೈಯಲ್ಲಿ ಕಳಿಸೋಕೆ ನನಗೆ ಮನಸ್ಸಿಲ್ಲ.”

ಅಕ್ಕ ಸಾಲಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾರೆ. ಬಹುಪಾಲು ದರ್ಜಿಗಳೇ, ನಿಂತಲ್ಲೇ ಕಾಲು ಬದಲಾಯಿಸುತ್ತ, ಸೊಂಟದ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಾರೆ.

“ಹಾಗಾದ್ರೆ ಈ ಮೇಜಿನ ಮುಂದೆ ಎರಡು ಕುರ್ಚಿ ಹಾಕಿಸಿಕೊಡಿ. ವರ್ಷವಿಡೀ ಬಗ್ಗಿ ಕೆಲಸ ಮಾಡೋ ಜನ, ತಮ್ಮ ಮಾತು ಹೇಳುವಾಗಲಾದ್ರೂ ಕೂತ್ಕೊಳ್ಳಲಿ.”

“ಅಷ್ಟೇನಾ?”

ಗಂಟಕ್ಕ ಸುಕ್ಕಾದ ಎಲೆಯನ್ನು ತಿರುಗಿಸಿ, ಅದರ ಹಿಂಬದಿಯ ಮೇಲೆ ಹೆಬ್ಬೆರಳಿಟ್ಟುಕೊಂಡೇ ಕ್ಷಣ ಯೋಚಿಸುತ್ತಾರೆ.

“ಸ್ಟೂಲು ತಂದು ಹಾಕಿಬಿಟ್ಟೀರಿ ಮತ್ತೆ” ಎನ್ನುತ್ತಾರೆ. “ಬೆನ್ನಿಗೆ ಆಧಾರ ಇರೋ ಕುರ್ಚೀನೇ ಆಗಬೇಕು.”